ಸಾಹೇಬರ ಮುಖ ತೊಳೆದದ್ದು

ನೀರು ಸರಬರಾಜು ಕಚೇರಿಯ ಆ ಗುಮಾಸ್ತನಿಗೆ ತಂದೆತಾಯಿ ಇಟ್ಟ ಹೆಸರು ಏನೇ ಇರಲಿ, ಕಚೇರಿಯಲ್ಲಿ, ಬೀದಿಯಲ್ಲಿ, ಕೊನೆಗೆ ಹೆಂಡತಿಯ ತವರಿನಲ್ಲೂ ಅವನನ್ನು ಕರೆಯುತ್ತಿದ್ದದ್ದು ‘ಹಾಗಲ್ಲ’ ಎಂದು. ಯಾರು ಏನು ಹೇಳಿದರೂ ಅವನ ಬಾಯಿಂದ ಮೊದಲು ಬರುತ್ತಿದ್ದ ಮಾತು ಅದೇ. ಗಡಿಯಾರ ನಿಂತಿದೆ ಎಂದರೆ, ಹಾಗಲ್ಲ, ಗಡಿಯಾರ ನಿಂತಿಲ್ಲ, ಮುಳ್ಳು ಓಡುತ್ತಿಲ್ಲ ಅಷ್ಟೇ ಎನ್ನುವನು. ಹೊರಗೆ ಬಿಸಿಲು ಎಂದರೆ, ಹಾಗಲ್ಲ, ಅದು ಸೆಕೆ ಎನ್ನುವನು. ಮದುವೆಗೆ ಒಪ್ಪಿಗೆಯೇನಪ್ಪಾ ಎಂದು ಹೆಣ್ಣಿನ ಕಡೆಯವರು ಕೇಳಿದಾಗಲೂ ಹಾಗಲ್ಲ ಎಂದೇ ಶುರುಮಾಡಿ ಕಾಫಿ ಆರಿಹೋಗುವ ತನಕ ಮಾತಾಡಿದ್ದ. ಇಷ್ಟು ಹೊತ್ತು ಮಾತಾಡಿದ ಮೇಲೆ ಅದರ ಅರ್ಥ ಹೌದು ಎಂದೇ ಇರಬೇಕೆಂದು ಹಿರಿಯರು ತೀರ್ಮಾನಿಸಿ ಎದ್ದರು. ಅಂದಿನಿಂದ ಇವನು ಹಾಗಲ್ಲ ಎಂದರೆ ಹೌದು ಎಂದು ತಿಳಿದುಕೊಳ್ಳುವುದು ಸುತ್ತಲಿನವರಿಗೆ ರೂಢಿಯಾಯಿತು. ಈ ರೂಢಿಯೇ ಮುಂದೆ ಅವನ ಕುತ್ತಿಗೆಗೆ ಬಂತು.

ಆ ಕಚೇರಿಯಲ್ಲಿ ಕುರ್ಚಿಗಳು ಎರಡು ಬಗೆ: ಕೈ ಇರುವವು, ಕೈ ಇಲ್ಲದವು. ಕೈ ಇಲ್ಲದ ಕುರ್ಚಿಯವರು ಕೆಲಸ ಮಾಡಬೇಕು, ಕೈ ಇರುವ ಕುರ್ಚಿಯವರು ಮಾಡಿಸಬೇಕು ಎಂಬುದು ನಿಯಮ. ಎರಡೂ ನಡೆಯುತ್ತಿರಲಿಲ್ಲ ಎಂಬುದು ಬೇರೆ ಮಾತು. ಮೇಲ್ವಿಚಾರಕರು ನಿವೃತ್ತರಾದ ಮೇಲೆ ಕೈ ಇರುವ ಒಂದು ಕುರ್ಚಿ ಕಿಟಕಿಯ ಪಕ್ಕ ಖಾಲಿ ಬಿದ್ದಿತ್ತು. ಹಾಗಲ್ಲ ದಿನಾ ಬೆಳಿಗ್ಗೆ ಧೂಳು ಒರೆಸುವ ನೆಪದಲ್ಲಿ ಹೋಗಿ ಅದರ ಕೈ ಸವರಿ ಬರುತ್ತಿದ್ದ. ತನ್ನ ಮೇಜಿನ ಧೂಳನ್ನು ಅವನು ಒರೆಸಿದ್ದನ್ನು ಕಂಡವರಿಲ್ಲ. ಮನೆಯಲ್ಲಿ ಊಟಕ್ಕೆ ಕೂತಾಗಲೂ ಮೊಣಕೈ ಎರಡೂ ಅಗಲಿಸಿ, ಗಾಳಿಯ ಮೇಲೆ ಊರಿ ಕೂರುವ ಅಭ್ಯಾಸ ಮಾಡಿಕೊಂಡಿದ್ದ. ಪಕ್ಕದಲ್ಲಿ ಕೂತ ಹೆಂಡತಿಯ ಪಕ್ಕೆಗೆ ಆ ಮೊಣಕೈ ತಿವಿಯುತ್ತಿತ್ತು.

ಸಾಹೇಬರಿಗೆ ದೊಡ್ಡ ಕಚೇರಿಗೆ ಬಡ್ತಿಯಾಗಿತ್ತು. ಹೊರಡುವ ಮೊದಲು ಆ ಕುರ್ಚಿಗೆ ಒಬ್ಬರನ್ನು ಆರಿಸಿ ಹೋಗುತ್ತಾರೆ ಎಂಬ ಸುದ್ದಿಯಿತ್ತು. ಪೈಪೋಟಿಯಲ್ಲಿ ಇದ್ದವರು ಇಬ್ಬರೇ. ಒಬ್ಬ ಹಾಗಲ್ಲ. ಇನ್ನೊಬ್ಬ ಎದುರು ಮೇಜಿನವನು, ಸಾಹೇಬರು ಕೆಮ್ಮಿದರೂ ‘ಹೌದು ಹೌದು ಸಾರ್’ ಎನ್ನುತ್ತಿದ್ದವನು. ಅವನಿಗೆ ‘ಹೌದ್ಹೌದು’ ಎಂದೇ ಹೆಸರು ಬಿದ್ದಿತ್ತು. ಇಬ್ಬರಲ್ಲಿ ಯಾರು ಹೆಚ್ಚು ನಿಷ್ಪ್ರಯೋಜಕರು ಎಂಬ ಬಗ್ಗೆ ಕಚೇರಿಯಲ್ಲಿ ಎರಡು ಅಭಿಪ್ರಾಯಗಳಿದ್ದವು.

ಸಾಹೇಬರ ಬಗ್ಗೆಯೂ ಒಂದು ಮಾತು ಹೇಳಬೇಕು. ಅವರ ತಲೆಗೂದಲು ಅಮಾವಾಸ್ಯೆಯಷ್ಟು ಕಪ್ಪು, ಮುಖ ಹಿಟ್ಟಿನಷ್ಟು ಬಿಳುಪು. ಎರಡೂ ಡಬ್ಬಿಯಿಂದ ಬಂದದ್ದು. ಸೆಕೆಯ ದಿನಗಳಲ್ಲಿ ಮೇಲಿನ ಬಣ್ಣ ಕೆಳಗಿಳಿದು, ಕೆಳಗಿನ ಪುಡಿಯ ಮೇಲೆ ಗೆರೆ ಎಳೆಯುತ್ತಿತ್ತು. ಆಗ ಕಚೇರಿಯವರೆಲ್ಲ ಕಡತ ನೋಡುತ್ತಿದ್ದರು. ಕಡತಗಳ ಕಡೆಗೆ ಅಲ್ಲಿ ಕಣ್ಣು ಹೋಗುತ್ತಿದ್ದದ್ದು ಹೆಚ್ಚಾಗಿ ಇಂಥ ಹೊತ್ತಿನಲ್ಲೇ.

ಒಂದು ದಿನ ಸಾಹೇಬರು ಗೋಡೆಯ ಮೇಲಿದ್ದ ಹಳೆಯ ಅಧಿಕಾರಿಗಳ ಕಪ್ಪು ಬಿಳುಪು ಚಿತ್ರಗಳನ್ನು ನೋಡುತ್ತಾ, ಇಂಥ ಫೋಟೋ ಈಗ ಯಾರು ತೆಗೆಯುತ್ತಾರೆ, ಈಗಿನದೆಲ್ಲ ಫೋನಿನಲ್ಲೇ ಹುಟ್ಟಿ ಫೋನಿನಲ್ಲೇ ಸಾಯುತ್ತದೆ ಎಂದು ನಿಟ್ಟುಸಿರು ಬಿಟ್ಟರು. ಹೌದ್ಹೌದು ‘ಹೌದು ಹೌದು’ ಎಂದ. ಅವನು ಹಾಗೆಂದ ತಕ್ಷಣ ಇವನು ಹಾಗಲ್ಲ ಎನ್ನಲೇಬೇಕಲ್ಲ, ಎಂದುಬಿಟ್ಟ. ಹಾಗಲ್ಲ ಸಾರ್, ನಿಜವಾದ ಫೋಟೋ ಈಗಲೂ ಉಂಟು, ನಾನೇ ತೆಗೆಯುತ್ತೇನೆ, ನಾನೇ ಮನೆಯಲ್ಲಿ ತೊಳೆದು ಕೊಡುತ್ತೇನೆ ಎಂದ. ಸಾಹೇಬರು ಅವನ ಕಡೆ ನೋಡಿದರು. ಅಷ್ಟು ವರ್ಷದ ನೌಕರಿಯಲ್ಲಿ ಅವರು ಅವನನ್ನು ಮುಖವೆತ್ತಿ ನೋಡಿದ್ದು ಅದೇ ಮೊದಲು. ಆಮೇಲೆ ಅವರು ಕಿಟಕಿಯ ಪಕ್ಕದ ಕುರ್ಚಿಯನ್ನೂ ಒಮ್ಮೆ ನೋಡಿದರು. ಹಾಗಲ್ಲನಿಗೆ ಅಷ್ಟು ಸಾಕಾಯಿತು.

ಅವನ ಹತ್ತಿರ ಗುಜರಿಯಿಂದ ತಂದ ಒಂದು ಹಳೆಯ ಕ್ಯಾಮೆರಾ ಇತ್ತು. ಎಲ್ಲಕ್ಕಿಂತ ಅಗ್ಗದ ಕಪ್ಪು ಬಿಳುಪು ರೀಲು ತಂದು ಅದಕ್ಕೆ ತುಂಬಿದ. ಕಚೇರಿಯ ಮೆಟ್ಟಿಲ ಮೇಲೆ ಎಲ್ಲರನ್ನೂ ನಿಲ್ಲಿಸಿ, ಸಾಹೇಬರನ್ನು ನಡುವೆ ಕೂರಿಸಿದ. ಟೈಪಿಸ್ಟ್ ಮೇಡಂ ಮಾತ್ರ ಹಲ್ಲುನೋವೆಂದು ರಜೆಯಲ್ಲಿದ್ದರು. ಒಂದು ಗುಂಡಿ ಒತ್ತುವುದಕ್ಕೆ ಅವನು ಮಾಡಿದ ಆರ್ಭಟ ಒಂದು ಸೇತುವೆ ಕಟ್ಟುವುದಕ್ಕೂ ಬೇಕಾಗುವುದಿಲ್ಲ. ಉಸಿರು ಹಿಡಿಯಿರಿ ಎಂದ, ಬಿಡಿ ಎನ್ನಲು ಮರೆತ. ಹೌದ್ಹೌದು ಆಜ್ಞೆ ಬರುವ ತನಕ ಉಸಿರು ಹಿಡಿದೇ ಇದ್ದು ಕೊನೆಗೆ ಮೆಟ್ಟಿಲ ಮೇಲೆ ಕುಸಿದು ಕೂತ.

ಇನ್ನು ತೊಳೆಯುವ ಕಾರ್ಯ. ನಮ್ಮಲ್ಲಿ ರೀಲನ್ನು ಬೇರೇನೂ ಮಾಡುವುದಿಲ್ಲ, ತೊಳೆಯುತ್ತೇವೆ. ಪಾತ್ರೆಯನ್ನೂ ತೊಳೆಯುತ್ತೇವೆ, ಬಟ್ಟೆಯನ್ನೂ ತೊಳೆಯುತ್ತೇವೆ, ರೀಲನ್ನೂ ತೊಳೆಯುತ್ತೇವೆ. ಈ ಒಂದೇ ಪದದ ಬಲದಿಂದ ಹಾಗಲ್ಲ ಅದನ್ನು ಮನೆಗೆಲಸವೆಂದು ತಿಳಿದಿದ್ದ. ಮನೆಗೆಲಸವನ್ನು ಅವನು ಜೀವಮಾನದಲ್ಲಿ ಮಾಡಿದವನಲ್ಲ ಎಂಬುದನ್ನು ಇಲ್ಲಿ ನೆನಪಿಸಬೇಕು. ರೀಲಿನ ಮೇಲೆ ಚಿತ್ರ ಮೂಡಿಸುವುದಕ್ಕೆ ಅಂಗಡಿಯ ರಾಸಾಯನಿಕ ದಂಡ, ಕಾಫಿ ಪುಡಿ, ಬಟ್ಟೆ ಒಗೆಯುವ ಸೋಡಾ ಮತ್ತು ವಿಟಮಿನ್ ಸಿ ಮಾತ್ರೆ ಕಲಸಿದರೆ ಸಾಕು ಎಂದು ಎಲ್ಲೋ ನೋಡಿ ತಿಳಿದುಕೊಂಡಿದ್ದ. ವಿಚಿತ್ರವೆಂದರೆ, ಅದು ನಿಜವಾಗಿಯೂ ಸಾಕು. ಅವನ ಬದುಕಿನಲ್ಲಿ ಅವನಿಗೆ ಸರಿಯಾಗಿ ತಿಳಿದಿದ್ದ ಒಂದೇ ಒಂದು ವಿಷಯ ಇದು, ಮತ್ತು ಅವನು ಹಾಳಾದದ್ದು ಇದರಿಂದಲೇ.

ರಜೆಯ ದಿನ ಮಧ್ಯಾಹ್ನ ಅವನು ಅಡುಗೆಮನೆಗೆ ನುಗ್ಗಿ ಕಾಫಿ ಡಬ್ಬಿಯನ್ನು ತಳ ಕಾಣುವ ತನಕ ಬಗ್ಗಿಸಿಕೊಂಡ. ಹೆಂಡತಿಯ ಮಾತ್ರೆಗಳನ್ನು ಕುಟ್ಟಿದ. ಆಕೆ ಬಾಗಿಲಿಗೆ ಒರಗಿ ನೋಡುತ್ತಿದ್ದಳು.

“ಕಾಫಿ, ಸೋಡಾ, ಮಾತ್ರೆ. ಇದನ್ನ ನಿಮಗೇ ಕುಡಿಸಿದ್ರೆ ಏನಾದ್ರೂ ತೊಳೆದು ಹೋಗ್ತಿತ್ತೇನೋ.”

“ಹಾಗಲ್ಲ ಕಣೇ, ಇದು ವಿಜ್ಞಾನ.”

“ಆಗಲಿ. ಸಾಯಂಕಾಲ ಕಾಫಿ ಕೇಳ್ಬೇಡಿ, ಅಷ್ಟೇ.”

ಅವನು ಬಚ್ಚಲುಮನೆಗೆ ಹೋಗಿ, ಬಾಗಿಲ ಸಂದಿಗೆಲ್ಲ ಕಂಬಳಿ ತುರುಕಿ, ಗವ್ವೆನ್ನುವ ಕತ್ತಲು ಮಾಡಿಕೊಂಡ. ಆ ಕತ್ತಲಲ್ಲಿ ರೀಲು ಬಿಚ್ಚಿ, ಬೆಳಕು ನುಗ್ಗದ ಒಂದು ಕಪ್ಪು ಡಬ್ಬಿಗೆ ಸುತ್ತಿ ತುಂಬಬೇಕು. ರೀಲು ಡಬ್ಬಿಯನ್ನು ಬಿಟ್ಟು ಉಳಿದ ಎಲ್ಲಕ್ಕೂ ಸುತ್ತಿಕೊಂಡಿತು. ಬಕೆಟ್ಟು ಉರುಳಿತು, ಸೋಪು ಕಾಲಿಗೆ ಸಿಕ್ಕಿತು, ಅವನು ಬಿದ್ದ. ಹೊರಗಿನಿಂದ ಹೆಂಡತಿ ಏನಾಯಿತೆಂದು ಕೇಳಿದರೆ, ಹಾಗಲ್ಲ, ಕೂತುಕೊಂಡೆ ಎಂದ. ಕೊನೆಗೂ ರೀಲು ಒಳಗೆ ಸೇರಿತು. ಕಾಫಿಯ ಕಷಾಯ ಸುರಿದು ಡಬ್ಬಿಯನ್ನು ಅಲುಗಿಸುತ್ತಾ ಕೂತ, ಆಮೇಲೆ ಅದನ್ನು ಬಕೆಟ್ಟಿಗೆ ಬಗ್ಗಿಸಿ, ಮೂಡಿದ ಚಿತ್ರ ಅಳಿಸಿಹೋಗದಂತೆ ನಿಲ್ಲಿಸುವ ಹೈಪೋ ನೀರು ಹಾಕಿದ. ಸತ್ತ ಇಲಿಗೆ ಕಾಫಿ ಕುಡಿಸಿದಂಥ ಒಂದು ವಾಸನೆ ಎದ್ದು, ಗಾಳಿಕಿಂಡಿಯ ಮೂಲಕ ಮೇಲಿನ ಮಹಡಿಗೆ ಹತ್ತಿತು.

ಮೇಲಿನ ಮಹಡಿಯಲ್ಲಿದ್ದವರು ನಿವೃತ್ತ ಡ್ರಿಲ್ ಮೇಷ್ಟ್ರು. ಅವರ ಮಹಡಿಗೆ ನೀರು ಏರಿ ಬಹಳ ಕಾಲವಾಗಿತ್ತು. ಕಚೇರಿಗೆ ದೂರು ಕೊಡಲು ಹೋದಾಗಲೆಲ್ಲ ಹೌದ್ಹೌದು ‘ಹೌದು ಹೌದು’ ಎಂದು, ಹಾಗಲ್ಲ ‘ಹಾಗಲ್ಲ’ ಎಂದು ಕಳುಹಿಸುತ್ತಿದ್ದರು. ಎರಡಕ್ಕೂ ಸಿಕ್ಕುತ್ತಿದ್ದ ನೀರು ಒಂದೇ ಪ್ರಮಾಣದ್ದು. ಆ ಮಧ್ಯಾಹ್ನ ಅವರು ಎಂದಿನಂತೆ ತಮ್ಮ ಬಚ್ಚಲಿನ ಒಣ ನಲ್ಲಿಯನ್ನು ತಿರುಗಿಸಿ ಬೈಯುತ್ತಿದ್ದಾಗ, ಕೆಳಗೆ ನೀರು ಧಾರಾಳವಾಗಿ ಸುರಿಯುವ ಸದ್ದು ಕೇಳಿಸಿತು. ತೊಳೆದ ರೀಲನ್ನು ಕೊನೆಗೆ ತುಂಬ ಹೊತ್ತು ನೀರಿನಲ್ಲಿ ಬಿಡಬೇಕು. ಮೇಷ್ಟ್ರಿಗೆ ಅದು ಗೊತ್ತಿಲ್ಲ. ಅವರು ಉರಿದುಕೊಂಡು ಕಿಂಡಿಗೆ ಕಿವಿಯಿಟ್ಟರು.

ಹಾಗಲ್ಲ ಡಬ್ಬಿ ತೆರೆದು ರೀಲನ್ನು ಬೆಳಕಿಗೆ ಹಿಡಿದದ್ದು ಆಗಲೇ. ಅರ್ಧಕ್ಕೂ ಹೆಚ್ಚು ಅವನದೇ ಹೆಬ್ಬೆರಳಿನ ಚಿತ್ರಗಳು. ಆದರೆ ನಡುವೆ ಒಂದು ಕಡೆ ಇಡೀ ಕಚೇರಿ ಅಚ್ಚುಕಟ್ಟಾಗಿ ಮೂಡಿತ್ತು. ನೆಗೆಟಿವ್ ಆದ್ದರಿಂದ ಬಿಳಿಯದು ಕಪ್ಪು, ಕಪ್ಪನೆಯದು ಬಿಳಿ. ಹಾಗೇ ಬರಬೇಕಾದದ್ದು ಹಾಗೇ ಬಂದಿತ್ತು. ಅವನಿಗೆ ಸಂತೋಷದಿಂದ ಮೈಮೇಲೆ ಎಚ್ಚರವಿರಲಿಲ್ಲ.

“ಬಾರೇ ಇಲ್ಲಿ. ಸಾಹೇಬರ ಮುಖ ಪೂರ್ತಿ ಕಪ್ಪು ಮಾಡಿಬಿಟ್ಟೆ. ಮಸಿ ಬಳಿದ ಹಾಗಿದೆ. ತಲೆ ಮಾತ್ರ ಸುಣ್ಣದ ಥರ ಬೆಳ್ಳಗೆ.”

“ಅವರಿಗೆ ಗೊತ್ತಾದ್ರೆ ಸುಮ್ನಿರ್ತಾರಾ?”

“ಗೊತ್ತಾಗಲಿ ಅಂತಾನೇ ಮಾಡಿದ್ದು. ಈಗ ಕ್ಲಿಪ್ ಹಾಕಿ ನೇತು ಹಾಕ್ತೀನಿ. ನಾಳೆ ಆಫೀಸಲ್ಲಿ ಎಲ್ಲರ ಮುಂದೆ ತೋರಿಸ್ತೀನಿ.”

ಮೇಷ್ಟ್ರು ಕಿಂಡಿಯಿಂದ ಕಿವಿ ತೆಗೆದರು. ಅವರ ಕಣ್ಣಲ್ಲಿ ನೀರು ಬಂತು. ಆ ಮಹಡಿಯಲ್ಲಿ ಬಹುಕಾಲದ ನಂತರ ಕಾಣಿಸಿಕೊಂಡ ನೀರು ಅದು. ಕೆಳಗಿನ ಮನೆಯ ಹೇಡಿ ಗುಮಾಸ್ತ ಕೊನೆಗೂ ಎದ್ದುನಿಂತು, ನೀರು ಕೊಡದ ಆ ಅಧಿಕಾರಿಯ ಮುಖಕ್ಕೆ ಮಸಿ ಬಳಿದು ಬಂದಿದ್ದಾನೆ ಎಂದು ಅವರಿಗೆ ಖಾತ್ರಿಯಾಯಿತು. ಸುರಿಯುತ್ತಿದ್ದ ನೀರು ಅವನ ಕೈ ತೊಳೆದುಕೊಳ್ಳುವ ನೀರು. ಆ ವಾಸನೆ ಮಸಿಯ ವಾಸನೆ. ನೇತುಹಾಕುವುದು ಏನನ್ನು ಎಂಬುದಷ್ಟೇ ಸ್ಪಷ್ಟವಾಗಲಿಲ್ಲ, ಮೇಷ್ಟ್ರು ಅದರ ಬಗ್ಗೆ ತಲೆಕೆಡಿಸಿಕೊಳ್ಳಲಿಲ್ಲ. ಸೀಟಿ ಕತ್ತಿಗೆ ಹಾಕಿಕೊಂಡು ಬೀದಿಗಿಳಿದರು.

ಸುದ್ದಿ ಮೊದಲ ತಿರುವಿನಲ್ಲಿ ಮಸಿಯಾಗಿತ್ತು, ಎರಡನೆಯದರಲ್ಲಿ ಡಾಂಬರಾಯಿತು. ಕ್ಷೌರಿಕನ ಅಂಗಡಿ ಮುಟ್ಟುವಷ್ಟರಲ್ಲಿ ತಲೆಗೆ ಸುಣ್ಣವೂ ಬಿದ್ದಿತ್ತು, ಇಸ್ತ್ರಿ ಅಂಗಡಿಯಲ್ಲಿ ಸಾಹೇಬರು ಕಾಲಿಗೆ ಬಿದ್ದು ಅತ್ತಿದ್ದರು. ಕಣ್ಣಾರೆ ನೋಡಿದವರು ಮೂರು ಬೀದಿಗೂ ಸಾಕಾಗುವಷ್ಟು ಸಿಕ್ಕರು. ಅತ್ತ ಮನೆಯಲ್ಲಿ ಆರಾಮವಾಗಿ ಕೂತಿದ್ದ ಸಾಹೇಬರಿಗೆ ಸಂಜೆಯಿಂದ ಫೋನುಗಳು ಶುರುವಾದವು. ಧೈರ್ಯವಾಗಿರಿ ಎಂದು ಒಬ್ಬರು. ಕಾಲ ಕೆಟ್ಟಿದೆ ಎಂದು ಇನ್ನೊಬ್ಬರು. ಸ್ವಂತ ಭಾವಮೈದುನ, ಸೀಮೆಎಣ್ಣೆ ಹಚ್ಚಿ ಉಜ್ಜಿ ಭಾವ, ಹೋಗುತ್ತೆ ಎಂದ. ಸಾಹೇಬರು ಎದ್ದು ಹೋಗಿ ಕನ್ನಡಿ ನೋಡಿಕೊಂಡರು. ಮುಖ ಬೆಳ್ಳಗೇ ಇತ್ತು. ಆದರೂ ಮೇಲೊಂದು ಪದರ ಪುಡಿ ಹಚ್ಚಿಕೊಂಡರು.

ಮರುದಿನ ಬೆಳಿಗ್ಗೆ ಹಾಗಲ್ಲ ನೆಗೆಟಿವನ್ನು ಲಕೋಟೆಯಲ್ಲಿಟ್ಟುಕೊಂಡು ಹೊರಟಾಗ ಹೆಂಡತಿ ಬಾಗಿಲಿಗೆ ಅಡ್ಡ ನಿಂತಳು. ಆಕೆಗೂ ಆ ಕುರ್ಚಿ ಬೇಕಾಗಿತ್ತು. ಗಂಡನ ಮೊಣಕೈ ಊರಲು ಬೇರೆ ಜಾಗ ಸಿಕ್ಕಿದರೆ ತನ್ನ ಪಕ್ಕೆಗೆ ಬಿಡುಗಡೆ ಎಂದು ಅವಳ ಲೆಕ್ಕ.

“ಇವತ್ತೊಂದು ದಿನ ಸಾಹೇಬರು ಏನು ಕೇಳಿದ್ರೂ ಹೌದು ಅನ್ನಿ. ಬೇರೆ ಯಾರಿಗೆ ಏನು ಬೇಕಾದ್ರೂ ಹೇಳಿ, ಅವರಿಗೆ ಮಾತ್ರ ಹೌದು. ಕುರ್ಚಿ ಸಿಕ್ಕಿದ ಮೇಲೆ ದಿನವಿಡೀ ಹಾಗಲ್ಲ ಅಂತ ಕೂತಿರಿ, ನಾನು ಕೇಳಲ್ಲ.”

ಅವನು ಕನ್ನಡಿಯ ಮುಂದೆ ನಿಂತು ಹೌದು ಎನ್ನಲು ಪ್ರಯತ್ನಿಸಿದ. ಗಂಟಲಲ್ಲಿ ಮೂಳೆ ಸಿಕ್ಕಿದವನ ಹಾಗೆ ಮುಖ ಮಾಡಿ, ಕೆಲವು ಸಲ ಕೆಮ್ಮಿ, ಕೊನೆಗೆ ಹೇಳಿದ.

ಕಚೇರಿಯ ಗೇಟಿನಲ್ಲಿ ಜನ ಖಾಲಿ ಬಕೆಟ್ ಹಿಡಿದು ಸೇರಿದ್ದರು. ಮುಂದೆ ಮೇಷ್ಟ್ರು. ಇವನನ್ನು ಕಂಡದ್ದೇ ಅವರು ಸೀಟಿ ಊದಿದರು, ಜನ ಬಕೆಟ್ ಬಡಿದರು. ಇದೆಲ್ಲ ತನ್ನ ಕಲೆಗೆ ಸಂದ ಗೌರವವೆಂದು ಹಾಗಲ್ಲ ಒಂದು ಕ್ಷಣ ನಂಬಿದ. ಇಂಥವನ್ನೆಲ್ಲ ಅವನು ಸುಲಭವಾಗಿ ನಂಬುತ್ತಿದ್ದ. ಮೇಷ್ಟ್ರು ಅವನ ಹೆಗಲ ಮೇಲೆ ಕೈಯಿಟ್ಟು ಎಲ್ಲರಿಗೂ ಕೇಳುವಂತೆ ವಿಚಾರಿಸಿದರು.

“ಸಾಹೇಬರ ಮುಖಕ್ಕೆ ಮಸಿ ಬಳಿದಿದ್ದು ನೀವೇ ಅಲ್ವಾ?”

“ಹಾಗಲ್ಲ—”

“ಕೇಳಿದ್ರಾ? ಹೌದಂತೆ.”

ಜನ ಅವನನ್ನು ಎತ್ತಿ ಹೆಗಲ ಮೇಲೆ ಕೂರಿಸಿಕೊಂಡರು. ಅವನು ಮೇಲಿನಿಂದ ಹಾಗಲ್ಲ ಹಾಗಲ್ಲ ಎಂದು ಕೂಗಿದಷ್ಟೂ ಕೆಳಗೆ ಉತ್ಸಾಹ ಹೆಚ್ಚಿತು. ಜೀವಮಾನದಲ್ಲಿ ಮೊದಲ ಬಾರಿಗೆ ಅವನ ಹಾಗಲ್ಲ ನಿಜವಾಗಿತ್ತು, ಮತ್ತು ಅದನ್ನು ನಂಬುವವರು ಒಬ್ಬರೂ ಇರಲಿಲ್ಲ. ಅಷ್ಟರಲ್ಲಿ ಗದ್ದಲ ಕೇಳಿ ಸಾಹೇಬರೇ ಕಿಟಕಿಯಲ್ಲಿ ಕಾಣಿಸಿಕೊಂಡರು. ಎರಡು ಪದರ ಪುಡಿಯ ಮುಖ ಬಿಸಿಲಿಗೆ ಫಳಫಳ ಹೊಳೆಯಿತು. ಜನ ಒಂದು ಗಳಿಗೆ ತಬ್ಬಿಬ್ಬಾದರು. ಮಸಿ ಎಲ್ಲಿ? ಮೇಷ್ಟ್ರು ಹಿಂದೆಗೆಯುವವರಲ್ಲ.

“ತೊಳ್ಕೊಂಡಿದ್ದಾನೆ. ನಮಗೆ ಕುಡಿಯೋಕೆ ನೀರಿಲ್ಲ, ಇವನಿಗೆ ಮಸಿ ತೊಳ್ಕೊಳ್ಳೋಕೆ ನೀರಿದೆ.”

ಬಕೆಟ್‌ಗಳ ಸದ್ದು ಇಮ್ಮಡಿಯಾಯಿತು. ಸಾಹೇಬರು ಹೆದರಿ ಕಿಟಕಿ ಮುಚ್ಚಿದರು, ಮೇಲಿನ ಮಹಡಿಗಳಿಗೆ ಕೂಡಲೇ ನೀರು ಬಿಡಿ ಎಂದು ಫೋನು ಮಾಡಿದರು, ಆಮೇಲೆ ಪೊಲೀಸರನ್ನು ಕರೆಸಿದರು. ಆಗದು, ಆಗದು, ತಾಂತ್ರಿಕ ತೊಂದರೆ ಎಂದು ವರ್ಷಗಳಿಂದ ಹೇಳುತ್ತಿದ್ದ ಕೆಲಸ ಒಂದು ನಲ್ಲಿ ತಿರುಗಿಸುವಷ್ಟರಲ್ಲಿ ಆಗಿಹೋಯಿತು.

ಪೇದೆಯೊಬ್ಬ ಬಂದು ಹಾಗಲ್ಲನನ್ನು ಜನರ ಹೆಗಲಿಂದ ಇಳಿಸಿ ಸಾಹೇಬರ ಕೋಣೆಗೆ ಕರೆತಂದ. ಕಚೇರಿಯವರೆಲ್ಲ ಗೋಡೆಗೆ ಅಂಟಿಕೊಂಡು ನಿಂತರು. ಟೈಪಿಸ್ಟ್ ಮೇಡಂ ಕೆಲಸಕ್ಕೆ ಬಂದಿದ್ದರೂ ದವಡೆ ಊದಿ, ಕೆನ್ನೆಗೆ ಬಟ್ಟೆ ಕಟ್ಟಿಕೊಂಡು, ಬಾಯಿ ತೆರೆಯಲಾರದೆ ಒಂದು ಮೂಲೆಯಲ್ಲಿ ನಿಂತಿದ್ದರು. ಸಾಹೇಬರು ಕೆನ್ನೆ ಮುಟ್ಟಿಕೊಳ್ಳುತ್ತಾ ಕೂತಿದ್ದರು. ಪೇದೆ ಗಂಟಲು ಸರಿಪಡಿಸಿಕೊಂಡ.

“ಇವರ ಮುಖಕ್ಕೆ ಮಸಿ ಬಳಿದ್ರಂತೆ?”

“ಹಾಗಲ್ಲ. ಬಳಿದಿದ್ದಲ್ಲ. ತೊಳೆದಿದ್ದು.”

“ಯಾರ ಮುಖ?”

“ಸಾಹೇಬರದು. ನಮ್ಮನೆ ಬಚ್ಚಲಲ್ಲಿ.”

“ಸೋಪಲ್ಲಾ?”

“ಹಾಗಲ್ಲ. ಕಾಫೀಲಿ.”

ಪೇದೆ ಸಾಹೇಬರನ್ನು ನೋಡಿದ. ಇಂಥ ಮನೆಗೆ ತಾವೇಕೆ ಹೋದಿರಿ ಎಂಬ ಪ್ರಶ್ನೆ ಅವನ ಕಣ್ಣಲ್ಲಿತ್ತು. ಆಮೇಲೇನು ಮಾಡಿದಿರಿ ಎಂದು ಕೇಳಿದ್ದಕ್ಕೆ, ಕ್ಲಿಪ್ ಹಾಕಿ ದಾರಕ್ಕೆ ನೇತುಹಾಕಿದೆ ಎಂಬ ಉತ್ತರ ಬಂತು. ಪೇದೆ ಮೆಲ್ಲಗೆ ಬಾಗಿಲ ಹತ್ತಿರ ಸರಿದ. ಹಾಗಲ್ಲ ಲಕೋಟೆ ತೆರೆದು, ಇದೇ ಸಾರ್, ಇದೇ ಎಂದು ನೆಗೆಟಿವನ್ನು ಮೇಜಿನ ಮೇಲಿಟ್ಟ.

ಸಾಹೇಬರು ಅದನ್ನೆತ್ತಿ ಕಿಟಕಿಯ ಬೆಳಕಿಗೆ ಹಿಡಿದರು. ಎಲ್ಲರೂ ಕತ್ತು ಚಾಚಿದರು. ನಡುವೆ ಸಾಹೇಬರು ಕೂತಿದ್ದಾರೆ. ಮುಖ ಇದ್ದಲು. ತಲೆ ಅಚ್ಚ ಬಿಳುಪು, ಹತ್ತಿಯಂಥ ಮುದುಕನ ತಲೆ. ಯಂತ್ರಕ್ಕೆ ನಾಚಿಕೆಯಿಲ್ಲ, ಬಡ್ತಿಯೂ ಬೇಕಿಲ್ಲ. ಕಚೇರಿಯವರು ವರ್ಷಗಳಿಂದ ಕಡತದೊಳಗೆ ಮುಖ ಹುದುಗಿಸಿ ಯಾವುದನ್ನು ನೋಡದೆ ಉಳಿದಿದ್ದರೋ ಅದು ಈಗ ಬೆಳಕಿನಲ್ಲಿ ನೇತಾಡುತ್ತಿತ್ತು. ಸಾಹೇಬರಿಗೆ ನೆಗೆಟಿವ್ ಎಂದರೇನೆಂದು ಗೊತ್ತಿಲ್ಲದೆ ಇರಲಿಲ್ಲ. ಆದರೆ ಅಷ್ಟು ಜನ ಒಟ್ಟಿಗೆ ತಮ್ಮ ತಲೆಯ ಕಡೆ ನೋಡಿದ್ದನ್ನು ಅವರು ಕಂಡರು, ಅದನ್ನು ಸಹಿಸುವುದು ಅವರಿಂದಾಗಲಿಲ್ಲ. ಎದುರಿಗಿದ್ದ ಹೌದ್ಹೌದುವಿನ ಕಡೆ ತಿರುಗಿದರು.

“ಏನ್ರೀ, ಇದು ನಾನೇನ್ರೀ?”

“ಹೌದು ಹೌದು ಸಾರ್. ಥೇಟ್ ನೀವೇ.”

ಬಾಯಿಂದ ಬಿದ್ದ ಮೇಲೆ ಅವನಿಗೆ ಅರಿವಾಯಿತು. ಆದರೆ ಇಡೀ ಆಯುಷ್ಯ ಒಂದೇ ಪದದಲ್ಲಿ ಕಳೆದವನಿಗೆ ತಿದ್ದಿಕೊಳ್ಳಲು ಎರಡನೆಯದು ಎಲ್ಲಿಂದ ಬರಬೇಕು. ಹೌದು ಹೌದು ಎಂದು ಮತ್ತೊಮ್ಮೆ ಗೊಣಗಿ ಗೋಡೆಗೆ ಒರಗಿದ. ಅವನ ಕಥೆ ಅಲ್ಲಿಗೆ ಮುಗಿಯಿತು.

ಈಗ ಉಳಿದವನು ಒಬ್ಬನೇ. ಕಿಟಕಿಯ ಪಕ್ಕದ ಕುರ್ಚಿ ಎರಡೂ ಕೈ ಚಾಚಿ ಕಾಯುತ್ತಿತ್ತು. ಸಾಹೇಬರು ಅವನನ್ನೇ ನೋಡಿದರು. ಆ ನೋಟದಲ್ಲಿ ಸಿಟ್ಟಿಗಿಂತ ಬೇಡಿಕೆ ಹೆಚ್ಚಿತ್ತು.

“ಅವನು ಏನೋ ಬೊಗಳ್ತಾನೆ. ನೀವು ಹೇಳಿ. ನನ್ನ ತಲೆ ಹೀಗಿದೆಯಾ? ಬೆಳ್ಳಗಿದೆಯಾ?”

ಇಂಥ ಪ್ರಶ್ನೆಗೆಂದೇ ಅವನು ಹುಟ್ಟಿದ್ದ. ಗಡಿಯಾರಕ್ಕೆ, ಬಿಸಿಲಿಗೆ, ಸ್ವಂತ ಮದುವೆಗೆ ದುಂದುಮಾಡಿದ ಆ ಪದವನ್ನು ಈಗೊಮ್ಮೆ ಹೇಳಿದರೆ ಸಾಕು, ಕುರ್ಚಿ ಅವನದು. ಹೌದ್ಹೌದು ಕೂಡ ಅಸೂಯೆಯಿಂದ ಕಣ್ಣು ಮುಚ್ಚಿಕೊಂಡ. ಹಾಗಲ್ಲ ಬಾಯಿ ತೆರೆದ. ಹೆಂಡತಿ ಬಾಗಿಲಿಗೆ ಅಡ್ಡ ನಿಂತು ಹೇಳಿದ್ದು ನೆನಪಾಯಿತು. ಬೆನ್ನು ನೆಟ್ಟಗೆ ಮಾಡಿಕೊಂಡು, ಕೆಮ್ಮಿ, ಕನ್ನಡಿಯ ಮುಂದೆ ಕಲಿತದ್ದನ್ನು ಸ್ಪಷ್ಟವಾಗಿ ಒಪ್ಪಿಸಿದ.

“ಹೌದು ಸಾರ್.”

ಪೇದೆ ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡ.

ಕುರ್ಚಿ ಟೈಪಿಸ್ಟ್ ಮೇಡಂಗೆ ಹೋಯಿತು. ಚಿತ್ರ ತೆಗೆದವನನ್ನು ಬಿಟ್ಟರೆ ಆ ಚಿತ್ರದಲ್ಲಿ ಇಲ್ಲದವರು ಅವರೊಬ್ಬರೇ, ಆ ದಿನ ಹೌದು ಎಂದೂ ಹಾಗಲ್ಲ ಎಂದೂ ಹೇಳಲಾರದೆ ಇದ್ದವರೂ ಅವರೊಬ್ಬರೇ. ಇಂಥ ಗಂಭೀರ ವ್ಯಕ್ತಿ ಈ ಕಚೇರಿಯಲ್ಲಿ ಬೇರೆ ಇಲ್ಲ ಎಂದು ಸಾಹೇಬರು ಹೋಗುವ ಮುನ್ನ ಹೊಗಳಿದರು. ಅವರು ಕೆಲಸವನ್ನೂ ಚೆನ್ನಾಗಿ ಮಾಡುತ್ತಿದ್ದರೆಂಬುದು ಸಾಹೇಬರ ಗಮನಕ್ಕೆ ಬಂದಿರಲಿಲ್ಲ. ಗೋಡೆಯ ಮೇಲೆ ಸಾಹೇಬರ ಜಾಗ ಈಗಲೂ ಖಾಲಿ ಇದೆ, ಮೊಳೆ ಮಾತ್ರ ಉಂಟು.

ಸಂಜೆ ಹಾಗಲ್ಲ ಮನೆಗೆ ಬಂದಾಗ ಮೇಲಿನ ಬಚ್ಚಲಿನಲ್ಲಿ ನೀರು ಭೋರ್ಗರೆಯುತ್ತಿತ್ತು, ಮೇಷ್ಟ್ರು ಅದರಡಿ ನಿಂತು ಹಾಡುತ್ತಿದ್ದರು. ಹೆಂಡತಿಗೆ ಸುದ್ದಿ ಆಗಲೇ ತಲುಪಿತ್ತು. ಅವನು ಕಾಲು ಚಾಚಿ ಕೂತು ನಡೆದದ್ದನ್ನೆಲ್ಲ ಹೇಳಿದ. ಆಕೆ ಕೊನೆಯ ತನಕ ಕೇಳಿದಳು.

“ಅಂದ್ರೆ ನನ್ನ ಮಾತು ಕೇಳಿ ಕುರ್ಚಿ ಕಳ್ಕೊಂಡೆ ಅಂತೀರಾ?”

ಅವನ ಬಾಯಿ ಆ ದಿನ ಹೊಸದಾಗಿ ಒಂದು ಪದ ಕಲಿತಿತ್ತು, ಇನ್ನೂ ಹತೋಟಿಗೆ ಬಂದಿರಲಿಲ್ಲ.

“ಹೌದು,” ಎಂದ.

ಆಮೇಲೆ ಅವನು, ತಪ್ಪು ಸರಿಪಡಿಸುವವನಂತೆ ದನಿ ತಗ್ಗಿಸಿ, ಒಂದು ಲೋಟ ಕಾಫಿ ಸಿಗಬಹುದೇ ಎಂದು ಕೇಳಿದ. ಆಕೆ ಎದ್ದು ಒಳಗೆ ಹೋದಳು.

“ಸಾಹೇಬರ ಮುಖ ತೊಳೆದು ಉಳಿದಿದ್ದು ಬಚ್ಚಲಲ್ಲಿದೆ. ಬಿಸಿ ಮಾಡ್ಕೊಳ್ಳಿ.”